ಸಮುದ್ರದಾಳಕ್ಕೆ ಇಳಿಯುವವರ ಗಂಟಿನಲ್ಲಿ ಏನಿರಬೇಕು?

ಮಳೆಗಾಲ ಮುಗಿದು ಸಮುದ್ರ ಶಾಂತವಾಗುತ್ತಿದ್ದಂತೆ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಕುರಿತ ಪತ್ರಗಳು ಈ ಅಂಕಣಕ್ಕೆ ಹೆಚ್ಚು ಬರತೊಡಗಿವೆ. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರು ಕೇಳಿರುವುದರಲ್ಲಿ ಬಹುಪಾಲು, ಹೋಗುವಾಗ ಏನನ್ನು ಒಯ್ಯಬೇಕು, ಏನನ್ನು ಮನೆಯಲ್ಲೇ ಬಿಡಬೇಕು ಎಂಬ ಒಂದೇ ವಿಷಯಕ್ಕೆ ಸಂಬಂಧಿಸಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಜನವರಿಯಲ್ಲಿ ನಾನು ಮತ್ತು ಕಾಲೇಜಿನಲ್ಲಿ ಓದುತ್ತಿರುವ ಮಗಳು ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋಗಿ ಅಲ್ಲಿ ಸ್ಕೂಬಾದ ಮೊದಲ ಹಂತದ ತರಬೇತಿಯಾದ ಓಪನ್ ವಾಟರ್ ಕೋರ್ಸ್ ಮಾಡಬೇಕೆಂದಿದ್ದೇವೆ. ಆನ್‌ಲೈನ್ ಅಂಗಡಿಗಳಲ್ಲಿ ನೋಡಿದರೆ ಕೊಳ್ಳಬೇಕಾದ ಸಾಮಾನಿನ ಪಟ್ಟಿಗೆ ಕೊನೆಯೇ ಇಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ಪಡೆಯಬಹುದು?
– ಓದುಗರು, ತಿಲಕವಾಡಿ, ಬೆಳಗಾವಿ

ಉತ್ತರ: ಮೊದಲ ಸಲ ಹೋಗುವವರು ದೊಡ್ಡ ಸಾಮಾನುಗಳ ಗೋಜಿಗೆ ಹೋಗಬಾರದು. ಸಿಲಿಂಡರ್, ಉಸಿರಾಟದ ರೆಗ್ಯುಲೇಟರ್, ಗಾಳಿ ತುಂಬಿಕೊಳ್ಳುವ ಜಾಕೆಟ್, ಸೊಂಟಕ್ಕೆ ಕಟ್ಟುವ ಸೀಸದ ತೂಕ, ಈಜಲು ಕಾಲಿಗೆ ತೊಡುವ ಅಗಲ ರೆಕ್ಕೆಯಂಥ ಫಿನ್ಸ್ ಇವೆಲ್ಲ ಡೈವ್ ಕೇಂದ್ರದಲ್ಲೇ ಇರುತ್ತವೆ ಮತ್ತು ಸಾಮಾನ್ಯವಾಗಿ ಕೋರ್ಸಿನ ಶುಲ್ಕದಲ್ಲೇ ಸೇರಿರುತ್ತವೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಟಿಕೆಟ್ಟಿಗೆ ದೊರೆಯುವುದು ಬಹುಮಟ್ಟಿಗೆ 15 ಕಿಲೋ ಸಾಮಾನು ಮತ್ತು 7 ಕಿಲೋ ಕೈಚೀಲ ಮಾತ್ರ. ಅದರಲ್ಲಿ ಅರ್ಧವನ್ನು ಇನ್ನೂ ಬಳಸಲು ಬಾರದ ಉಪಕರಣಗಳಿಗೆ ಕೊಡುವುದರಲ್ಲಿ ಅರ್ಥವಿಲ್ಲ. ನನ್ನ ಅಭಿಪ್ರಾಯದಲ್ಲಿ ಗಂಟು ಕಟ್ಟುವಾಗ ಕೇಳಿಕೊಳ್ಳಬೇಕಾದುದು ಎರಡೇ ಪ್ರಶ್ನೆ: ಇದು ನನ್ನ ಮೈಗೇ ಹೊಂದಬೇಕಾದ ವಸ್ತುವೇ? ಇದನ್ನು ದ್ವೀಪದಲ್ಲಿ ಬೇರೆ ಯಾರಾದರೂ ನನಗೆ ಕೊಡಬಲ್ಲರೇ?

ಈ ಲೆಕ್ಕದಲ್ಲಿ ಮೊದಲು ಬರುವುದು ಮಾಸ್ಕ್. ಅದೊಂದನ್ನು ಸ್ವಂತಕ್ಕೆ ಕೊಳ್ಳಿ, ಬೆಲೆಗಿಂತ ಮುಖಕ್ಕೆ ಒಪ್ಪುವುದನ್ನು ನೋಡಿ ಕೊಳ್ಳಿ. ಹಿಂದಿನ ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮೆಲ್ಲಗೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತು ಅದು ಮುಖದಲ್ಲೇ ಅಂಟಿಕೊಂಡು ನಿಂತರೆ ನಿಮ್ಮ ಮುಖದ ಅಳತೆಗೆ ಸರಿಯಾಗಿದೆ ಎಂದರ್ಥ, ಎಲ್ಲಿಂದಲಾದರೂ ಗಾಳಿ ಒಳಸೇರಿ ಕಳಚಿ ಬಿದ್ದರೆ ನೀರೂ ಅಲ್ಲಿಂದಲೇ ಒಳಸೇರುತ್ತದೆ. ಗಾಜು ಟೆಂಪರ್ಡ್ ಗಾಜಾಗಿರಬೇಕು, ಅಂಚು ಮೆದು ಸಿಲಿಕೋನಿನದಾಗಿರಬೇಕು, ಮೂಗು ಮಾಸ್ಕಿನ ಒಳಗೇ ಇರಬೇಕು. ಈಜುಕೊಳದ ಗಾಗಲ್ಸ್ ಇದಕ್ಕೆ ಬದಲಿಯಲ್ಲ, ಏಕೆಂದರೆ ಆಳಕ್ಕೆ ಇಳಿದಂತೆ ಹೆಚ್ಚುವ ಒತ್ತಡವನ್ನು ಮೂಗಿನಿಂದ ಗಾಳಿ ಬಿಟ್ಟು ಸರಿದೂಗಿಸುವ ದಾರಿ ಅದರಲ್ಲಿಲ್ಲ. ನೀರಿನ ಮೇಲೆ ತೇಲುತ್ತ ಕೊಳವೆಯಿಂದ ಉಸಿರಾಡಲು ಬಳಸುವ, ಇಡೀ ಮುಖವನ್ನು ಮುಚ್ಚುವ ಸ್ನಾರ್ಕೆಲ್ ಮಾಸ್ಕ್‌ಗಳೂ ಸ್ಕೂಬಾಕ್ಕೆ ಸಲ್ಲವು. ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರಿಕೆಯ ಹಂತದಲ್ಲಿ ಉಳಿದ ತೆಳು ಪದರವಿರುತ್ತದೆ, ಅದು ಇರುವವರೆಗೂ ಗಾಜಿಗೆ ಮಂಜು ಕವಿಯುತ್ತಲೇ ಇರುತ್ತದೆ. ಆದ್ದರಿಂದ ಮನೆಯಲ್ಲೇ ಬಿಳಿ ಟೂತ್‌ಪೇಸ್ಟನ್ನು ಬೆರಳಿನಿಂದ ಗಾಜಿನ ಒಳಮೈಗೆ ಚೆನ್ನಾಗಿ ಉಜ್ಜಿ ತೊಳೆಯುವುದನ್ನು ನಾಲ್ಕೈದು ಬಾರಿ ಮಾಡಿ ಮುಗಿಸಿ. ಗಾಜಿಗೆ ಬಣ್ಣದ ಲೇಪನವಿದ್ದರೆ ಮಾತ್ರ ಹೀಗೆ ಉಜ್ಜಬೇಡಿ. ಅಲ್ಲಿಗೆ ಹೋದ ಮೇಲೆ ಪ್ರತಿ ಇಳಿತಕ್ಕೆ ಮೊದಲು ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆದರೆ ಸಾಕು.

ಮೀಸೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ನಮ್ಮ ಕಡೆ ಅದನ್ನು ಅಭಿಮಾನದಿಂದ ಬೆಳೆಸುವವರು ಬಹಳ. ಪೂರ್ತಿ ಬೋಳಿಸಬೇಕಾಗಿಲ್ಲ, ಮೂಗಿನ ಹೊಳ್ಳೆಗಳ ಕೆಳಗೆ ಸಿಲಿಕೋನ್ ಅಂಚು ಕೂರುವ ಕಿರಿದಾದ ಪಟ್ಟಿಯಷ್ಟು ಜಾಗವನ್ನು ಮಾತ್ರ ನುಣ್ಣಗೆ ಮಾಡಿಕೊಂಡರೆ ನೀರು ಸೋರುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಉಡುಪಿನ ವಿಷಯ. ಅಂಡಮಾನಿನ ನೀರು ಸುಮಾರು 26ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೇಳಲು ಬೆಚ್ಚಗೆನಿಸಿದರೂ ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುವುದರಿಂದ, ದಿನಕ್ಕೆ ಎರಡು ಸಲ ಇಳಿದವರು ಮೂರನೆಯ ದಿನದ ಹೊತ್ತಿಗೆ ನಡುಗತೊಡಗುತ್ತಾರೆ. ಮೈ ಬೆಚ್ಚಗಿಡುವ ರಬ್ಬರ್ ಉಡುಪಾದ, ಮೂರು ಮಿಲಿಮೀಟರ್ ದಪ್ಪದ ವೆಟ್‌ಸೂಟನ್ನು ಕೇಂದ್ರದವರು ಕೊಡುತ್ತಾರೆ. ಅದರ ಒಳಗೆ ತೊಡಲು ತುಂಬುತೋಳಿನ ತೆಳು ಈಜು ಅಂಗಿಯಾದ ರ್‍ಯಾಶ್‌ಗಾರ್ಡ್ ಮತ್ತು ಮೈಗಂಟುವ ಲೆಗ್ಗಿಂಗ್ಸ್ ಎರಡು ಜೊತೆ ಒಯ್ಯಿರಿ. ಹಲವರು ತೊಟ್ಟ ಸೂಟು ಮೈಗೆ ನೇರವಾಗಿ ತಾಗುವುದಿಲ್ಲ, ಕಂಕುಳು ಮತ್ತು ಕತ್ತಿನ ಬಳಿ ಉಜ್ಜಿ ಗಾಯವಾಗುವುದಿಲ್ಲ, ದೋಣಿಯ ಮೇಲೆ ಬಿಸಿಲಿನಿಂದಲೂ ರಕ್ಷಣೆ ಸಿಗುತ್ತದೆ. ಹತ್ತಿಯ ಬನಿಯನ್ ಬೇಡವೇ ಬೇಡ. ಅದು ನೀರು ಹೀರಿ ಭಾರವಾಗುತ್ತದೆ, ಒಣಗದೆ ಗಾಳಿಗೆ ಮೈ ಕೊರೆಯುತ್ತದೆ. ಮೈ ಒರೆಸಲು ಮಾತ್ರ ದಪ್ಪ ಟರ್ಕಿ ಟವೆಲಿಗಿಂತ ಮನೆಯಲ್ಲಿ ಬಳಸುವ ತೆಳು ಹತ್ತಿಯ ಟವೆಲ್ ಎಷ್ಟೋ ಮೇಲು, ದ್ವೀಪದ ತೇವದ ಹವೆಯಲ್ಲಿ ಅದು ಬೇಗ ಒಣಗುತ್ತದೆ. ನೀರಿನಿಂದ ಮೇಲೆ ಬಂದ ಮೇಲೆ ಹಾಕಿಕೊಳ್ಳಲು ಗಾಳಿ ತಡೆಯುವ ಹಗುರ ಜಾಕೆಟ್, ಹಿಂಬದಿ ಪಟ್ಟಿಯಿರುವ ಚಪ್ಪಲಿ, ಟೋಪಿ ಇರಲಿ.

ಸನ್‌ಸ್ಕ್ರೀನ್ ಕೊಳ್ಳುವಾಗ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇಲ್ಲದ, ಜಿಂಕ್ ಆಕ್ಸೈಡ್ ಆಧಾರಿತವಾದುದನ್ನು ಆರಿಸಿಕೊಳ್ಳಿ. ಹವಳಕ್ಕೆ ಹಾನಿಯಾಗುತ್ತದೆಂಬ ಕಾರಣಕ್ಕೆ ಹವಾಯಿ ರಾಜ್ಯವು 2021ರಿಂದ ಆ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನೇ ನಿಲ್ಲಿಸಿದೆ. ನಾವು ನೋಡಲು ಹೋಗುವ ಹವಳಕ್ಕೆ ನಮ್ಮ ಮೈಯಿಂದಲೇ ವಿಷ ಸೇರಬಾರದು ಎಂಬುದರಲ್ಲಿ ಎರಡು ಮಾತಿರಲಾರದು.

ಇನ್ನು ಕಾಗದಪತ್ರ. ಕೋರ್ಸಿನ ಪಾಠಭಾಗವನ್ನು ಬೆಳಗಾವಿಯಲ್ಲೇ ಕುಳಿತು ಆನ್‌ಲೈನಿನಲ್ಲಿ ಮುಗಿಸಿ ಹೋದರೆ ದ್ವೀಪದಲ್ಲಿ ಅಷ್ಟು ಸಮಯ ಉಳಿಯುತ್ತದೆ. ಡೈವ್ ಕೇಂದ್ರದವರು ಕೊಡುವ ಆರೋಗ್ಯದ ಪ್ರಶ್ನಾವಳಿಯನ್ನು ಮೊದಲೇ ತರಿಸಿಕೊಂಡು ಓದಿ. ಒಂದಾದರೂ ಪ್ರಶ್ನೆಗೆ ‘ಹೌದು’ ಎನ್ನಬೇಕಾಗಿ ಬಂದರೆ ವೈದ್ಯರ ಸಹಿ ಬೇಕಾಗಬಹುದು, ಅದನ್ನು ಅಲ್ಲಿ ಹೋಗಿ ಹುಡುಕುವುದಕ್ಕಿಂತ ನಿಮ್ಮನ್ನು ಬಲ್ಲ ನಿಮ್ಮೂರಿನ ವೈದ್ಯರಿಂದ ಪಡೆಯುವುದು ಲೇಸು. ಗುರುತಿನ ಚೀಟಿಯ ಪ್ರತಿಗಳು, ಪ್ರವಾಸ ವಿಮೆಯ ಕಾಗದ ಮತ್ತು ಸ್ವಲ್ಪ ನಗದು ಹಣವನ್ನು ನೀರು ಹೋಗದ ಚೀಲದಲ್ಲಿ ಇಡಿ. ವಿಮೆಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಆಳದವರೆಗೆ ಎಂಬುದನ್ನು ಓದಿಯೇ ಹಣ ಕಟ್ಟಿ, ಏಕೆಂದರೆ ಸಾಮಾನ್ಯ ಪ್ರವಾಸ ವಿಮೆಗಳು ಸಾಹಸ ಕ್ರೀಡೆಯನ್ನು ಹೊರಗಿಡುವುದುಂಟು. ಹ್ಯಾವ್‌ಲಾಕ್ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪವೆಂದೂ, ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ ಹೆಸರಾಗಿದೆ. ಟಿಕೆಟ್ ಮತ್ತು ಹೋಟೆಲ್ ಕಾಗದಗಳಲ್ಲಿ ಹಳೆಯದೂ ಹೊಸದೂ ಬೆರೆತು ಬಂದರೆ ಗಾಬರಿಯಾಗಬೇಡಿ.

ಮಾಸ್ಕನ್ನು ಅದರ ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ. ದೊಡ್ಡ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಮಾಸ್ಕ್, ರ್‍ಯಾಶ್‌ಗಾರ್ಡ್, ಔಷಧ ಮತ್ತು ಕಾಗದ ಕೈಯಲ್ಲಿದ್ದರೆ ಪಾಠ ನಿಲ್ಲುವುದಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಕನ್ನಡಕವಿಲ್ಲದೆ ನನಗೆ ದೂರದ್ದು ಕಾಣುವುದಿಲ್ಲ. ಮಂಗಳಸೂತ್ರ, ಬಳೆ, ಮೂಗುತಿ, ಕಾಲುಂಗುರಗಳನ್ನು ತೊಟ್ಟುಕೊಂಡೇ ನೀರಿಗಿಳಿಯಬಹುದೇ? ಪ್ರವಾಸದ ನಡುವೆ ಮುಟ್ಟಾದರೆ ಏನು ಮಾಡಬೇಕು?
– ಓದುಗರು, ವಿಜಯಪುರ

ಉತ್ತರ: ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿನಡಿ ಬರುವುದರಿಂದ ಅದನ್ನು ಹಾಕಿಕೊಂಡು ಇಳಿಯಲಾಗುವುದಿಲ್ಲ. ನಿಮ್ಮ ಕಣ್ಣಿನ ನಂಬರನ್ನು ಕೇಂದ್ರಕ್ಕೆ ಮೊದಲೇ ತಿಳಿಸಿದರೆ, ಅದಕ್ಕೆ ಹತ್ತಿರದ ಮಸೂರವಿರುವ ಮಾಸ್ಕ್ ಅವರ ಬಳಿ ಇದೆಯೇ ಎಂದು ಹೇಳುತ್ತಾರೆ. ಇಲ್ಲವಾದರೆ ಮಸೂರ ಬದಲಿಸಬಹುದಾದ ಮಾಸ್ಕ್ ಕೊಳ್ಳಬಹುದು. ಮೆದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವ ರೂಢಿಯಿದ್ದರೆ ಅದೂ ಆಗುತ್ತದೆ, ಆದರೆ ಬದಲಿ ಜೊತೆಯನ್ನು ಒಯ್ಯಿರಿ. ಗಟ್ಟಿ ಲೆನ್ಸ್ ಬೇಡ. ನೀರಿನೊಳಗೆ ಎಲ್ಲವೂ ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುವುದರಿಂದ ಸಣ್ಣ ನಂಬರಿನವರು ಏನೂ ಇಲ್ಲದೆಯೂ ನಿಭಾಯಿಸುತ್ತಾರೆ.

ಆಭರಣದ ಬಗ್ಗೆ ನನ್ನ ಸಲಹೆ ಸ್ಪಷ್ಟ: ಚಿನ್ನ ವಿಜಯಪುರದಲ್ಲೇ ಇರಲಿ. ಉದ್ದನೆಯ ಸರವು ಜಾಕೆಟ್ಟಿನ ಬಕಲ್ಲಿಗೂ ಗಾಳಿಯ ಕೊಳವೆಗೂ ಸಿಕ್ಕಿಕೊಳ್ಳಬಲ್ಲದು. ಮಂಗಳಸೂತ್ರವನ್ನು ತೆಗೆಯಲು ಮನಸ್ಸು ಒಪ್ಪದವರು ತಾಳಿಯೊಂದನ್ನೇ ಅರಿಶಿನದ ಗಿಡ್ಡ ದಾರದಲ್ಲಿ ಪೋಣಿಸಿ, ರ್‍ಯಾಶ್‌ಗಾರ್ಡಿನ ಒಳಗೆ ಮೈಗೆ ಅಂಟಿದಂತೆ ಇಟ್ಟುಕೊಳ್ಳಬಹುದು. ಗಾಜಿನ ಬಳೆ ವೆಟ್‌ಸೂಟಿನ ಬಿಗಿ ತೋಳಿನಲ್ಲಿ ಒಡೆದು ಕೈಯನ್ನೂ ಸೂಟನ್ನೂ ಕೊಯ್ಯುತ್ತದೆ. ಕಾಲುಂಗುರ ಫಿನ್ಸಿನ ಒಳಗೆ ಬೆರಳನ್ನು ಉಜ್ಜುತ್ತದೆ. ಚಪ್ಪಟೆ ಮೂಗುಬೊಟ್ಟು ಸಾಮಾನ್ಯವಾಗಿ ಮಾಸ್ಕಿನ ಒಳಗೆ ಅಡ್ಡಿಯಾಗುವುದಿಲ್ಲ, ಆದರೆ ಕಿವಿಯ ಒತ್ತಡ ಬಿಡಿಸಲು ಮೇಲಿಂದ ಮೇಲೆ ಮೂಗನ್ನು ಹಿಂಡಬೇಕಾಗುವುದರಿಂದ, ಮನೆಯಲ್ಲೇ ಮಾಸ್ಕ್ ಹಾಕಿ ಹಿಂಡಿ ನೋಡಿ. ಚುಚ್ಚಿದರೆ ಆ ದಿನಗಳ ಮಟ್ಟಿಗೆ ತೆಗೆದಿಡಿ. ಉದ್ದ ಕೂದಲನ್ನು ಬಿಗಿಯಾಗಿ ಹೆಣೆದು, ಹಣೆಯ ಮೇಲಿನ ಬಿಡಿಗೂದಲು ಮಾಸ್ಕಿನಡಿ ಬರದಂತೆ ಅಗಲ ಪಟ್ಟಿ ಕಟ್ಟಿಕೊಳ್ಳಿ. ಒಂದೆರಡು ಎಳೆ ಕೂದಲು ಸಿಕ್ಕಿಕೊಂಡರೂ ನೀರು ಒಸರುತ್ತದೆ.

ಮುಟ್ಟು ಡೈವಿಂಗಿಗೆ ಅಡ್ಡಿಯಲ್ಲ. ಪ್ಯಾಡ್ ನೀರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಟ್ಯಾಂಪೂನ್ ಅಥವಾ ಕಪ್ ಬಳಸಬೇಕು, ಬಳಸಿ ರೂಢಿಯಿಲ್ಲದಿದ್ದರೆ ಒಂದೆರಡು ತಿಂಗಳು ಮುಂಚೆಯೇ ಅಭ್ಯಾಸ ಮಾಡಿಕೊಳ್ಳಿ. ದ್ವೀಪಗಳಲ್ಲಿ ಬೇಕಾದುದು ಸಿಗದಿರಬಹುದಾದ್ದರಿಂದ ಸಾಕಷ್ಟು ಒಯ್ಯಿರಿ. ಇದರಿಂದ ಶಾರ್ಕ್‌ಗಳು ಹತ್ತಿರ ಬರುತ್ತವೆಂಬ ಮಾತಿಗೆ ಆಧಾರವಿಲ್ಲ.

ಪ್ರಶ್ನೆ: ನನಗೆ 52 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಲಕ್ಷದ್ವೀಪದಲ್ಲಿ ಡೈವಿಂಗ್ ಮಾಡುವ ಆಸೆ. ಯಾವ ಔಷಧಗಳು ಜೊತೆಗಿರಬೇಕು?
– ಓದುಗರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಔಷಧದ ಚೀಲಕ್ಕಿಂತ ಮೊದಲು ವೈದ್ಯರ ಚೀಟಿ ಸಿದ್ಧವಾಗಲಿ. ಪ್ರಶ್ನಾವಳಿಯಲ್ಲಿ 45 ವರ್ಷ ದಾಟಿದವರಿಗೆ ಹೆಚ್ಚಿನ ಪ್ರಶ್ನೆಗಳಿವೆ, ಉಬ್ಬಸ ಮತ್ತು ರಕ್ತದೊತ್ತಡದ ಬಗ್ಗೆಯೂ ಕೇಳಲಾಗುತ್ತದೆ. ಉಬ್ಬಸಕ್ಕೆ ಅಷ್ಟು ಮಹತ್ವ ಕೊಡಲು ಕಾರಣವಿದೆ: ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ, ಅಲ್ಲಿ ಉಸಿರೆಳೆದ ಗಾಳಿ ಮೇಲೇರುವಾಗ ಎರಡು ಪಟ್ಟು ಹಿಗ್ಗುತ್ತದೆ, ಕಿರಿದಾದ ಶ್ವಾಸನಾಳದ ಹಿಂದೆ ಅದು ಸಿಕ್ಕಿಕೊಂಡರೆ ಶ್ವಾಸಕೋಶಕ್ಕೆ ಗಾಯವಾಗಬಹುದು. ಉಸಿರು ಹಿಡಿಯಲೇಬಾರದೆಂಬ ಸ್ಕೂಬಾದ ಮೊದಲ ನಿಯಮಕ್ಕೂ ಇದೇ ಕಾರಣ. ಆದ್ದರಿಂದ ಚಿಕ್ಕಂದಿನ ಮಾತೆಂದು ಮುಚ್ಚಿಡದೆ ಶ್ವಾಸಕೋಶ ತಜ್ಞರಲ್ಲಿ ಪರೀಕ್ಷೆ ಮಾಡಿಸಿ, ಅವರು ಬೇಡವೆಂದರೆ ಸ್ನಾರ್ಕೆಲಿಂಗ್‌ಗೆ ತೃಪ್ತಿಪಡಿ; ಲಕ್ಷದ್ವೀಪದ ಲಗೂನುಗಳಲ್ಲಿ ನೀರಿನ ಮೇಲೆ ತೇಲುತ್ತ ಕಾಣುವುದೂ ಕಡಿಮೆಯೇನಲ್ಲ.

ನಿಯಮಿತ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ, ಬೇಕಾದುದಕ್ಕಿಂತ ನಾಲ್ಕು ದಿನ ಹೆಚ್ಚಾಗುವಷ್ಟು, ಕೈಚೀಲದಲ್ಲೇ ಇಡಿ. ದೋಣಿಯಲ್ಲಿ ವಾಂತಿ ಬರುವವರು ಅದರ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದು, ರಜೆಯ ದಿನವೊಂದರಲ್ಲಿ ಮನೆಯಲ್ಲೇ ಸೇವಿಸಿ ನೋಡಬೇಕು. ಕೆಲವು ಮಾತ್ರೆಗಳು ತರುವ ಜೊಂಪು ನೀರಿನೊಳಗೆ ಅಪಾಯಕಾರಿ. ನೆಗಡಿಯಾಗಿದ್ದರೆ ಮೂಗು ಬಿಡಿಸುವ ಔಷಧ ಹಾಕಿಕೊಂಡು ಇಳಿಯುವುದು ತಪ್ಪು: ಆಳದಲ್ಲಿರುವಾಗ ಅದರ ಪ್ರಭಾವ ಇಳಿದರೆ ಮೇಲೇರುವಾಗ ಕಿವಿಯೊಳಗಿನ ಗಾಳಿಗೆ ಹೊರಬರಲು ದಾರಿಯಿರುವುದಿಲ್ಲ. ಒಆರ್‌ಎಸ್ ಪೊಟ್ಟಣ, ಗಾಯದ ಮುಲಾಮು, ಸೊಳ್ಳೆ ಮತ್ತು ಮರಳು ನೊಣಗಳಿಗೆ ಹಚ್ಚುವ ಮುಲಾಮು ಇರಲಿ; ಕಿವಿಗೆ ಹತ್ತಿಕಡ್ಡಿ ಮಾತ್ರ ಬೇಡ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಕಡ್ಡಾಯ, ಅದನ್ನು ಸಾಕಷ್ಟು ಮೊದಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ನಾವು ಗೆಳೆಯರು ಕೃಷ್ಣಾ ನದಿಯಲ್ಲಿ ಈಜಿ ಬೆಳೆದವರು. ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ, ಬೆಳಗಾವಿಯಲ್ಲಿ ಒಬ್ಬನನ್ನು ಇಳಿಸಿ, ಅದೇ ರಾತ್ರಿ ಜಮಖಂಡಿ ಸೇರುವ ಯೋಚನೆಯಿದೆ. ಒಂದು ದಿನಕ್ಕೆ ಏನೇನು ಬೇಕು?
– ಓದುಗರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಸಾಮಾನು ಸ್ವಲ್ಪವೇ ಸಾಕು. ಒಂದು ಜೊತೆ ಬದಲಿ ಬಟ್ಟೆ, ಟವೆಲ್, ಗುರುತಿನ ಚೀಟಿ, ಕುಡಿಯುವ ನೀರು, ಒದ್ದೆ ಬಟ್ಟೆಗೊಂದು ಚೀಲ, ಅಷ್ಟೇ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಸಮುದ್ರದಲ್ಲಿದೆ, ದೋಣಿ ಪ್ರಯಾಣವೇ ಸಾಕಷ್ಟು ಹೊತ್ತು ಹಿಡಿಯುವುದರಿಂದ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಬಿರಿಯೆ ಉಂಡೂ ಹೋಗಬೇಡಿ.

ಆದರೆ ಅದೇ ರಾತ್ರಿ ಮರಳುವ ಯೋಚನೆಯನ್ನು ಕೈಬಿಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಆಳದಲ್ಲಿ ಒತ್ತಡದ ಗಾಳಿಯನ್ನು ಉಸಿರಾಡುವಾಗ ಸಾರಜನಕವು ರಕ್ತದಲ್ಲೂ ಮಾಂಸಖಂಡಗಳಲ್ಲೂ ಕರಗಿ ಸೇರುತ್ತದೆ, ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅದು ಗುಳ್ಳೆಗಟ್ಟಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅದರ ಪರಿಣಾಮಗಳಿವೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಒಂದೇ ಸಲ ಇಳಿದವರು ವಿಮಾನ ಏರುವ ಮೊದಲು ಕನಿಷ್ಠ 12 ತಾಸು, ಹಲವು ಸಲ ಅಥವಾ ಹಲವು ದಿನ ಇಳಿದವರು ಕನಿಷ್ಠ 18 ತಾಸು ಕಾಯಬೇಕು. ಎಲ್ಲರೂ ಇದನ್ನು ವಿಮಾನದ ಮಾತೆಂದೇ ತಿಳಿಯುತ್ತಾರೆ. ಆದರೆ ಆ ಸೂಚನೆ ಅನ್ವಯವಾಗುವುದು 2,000 ಅಡಿಗಿಂತ ಮೇಲಿನ ಎತ್ತರಕ್ಕೆ, ಮತ್ತು ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ನೇತ್ರಾಣಿಯಿಂದಾಗಲಿ, ಗೋವೆಯಿಂದಾಗಲಿ, ಮಾಲ್ವಣದ ತಾರ್ಕರ್ಲಿಯಿಂದಾಗಲಿ ನಮ್ಮ ಕಡೆಗೆ ಬರುವ ಯಾರೇ ಆದರೂ ಘಟ್ಟ ಹತ್ತಲೇಬೇಕು. ಕರಾವಳಿಯವರಿಗೆ ಇಲ್ಲದ ಈ ತೊಡಕು ನಮಗಿದೆ, ಆದರೂ ಹೊರಡುವಾಗ ಅದು ಯಾರ ನೆನಪಿಗೂ ಬರುವುದಿಲ್ಲ.

ಆದ್ದರಿಂದ ಕರಾವಳಿಯಲ್ಲೇ ಒಂದು ರಾತ್ರಿ ಕಳೆಯಲು ಬೇಕಾದ ಹಣ ಮತ್ತು ಬಟ್ಟೆ ನಿಮ್ಮ ಗಂಟಿನಲ್ಲಿರಲಿ. ಅಂಡಮಾನಿಗೆ ಹೋಗುವವರೂ ಮರಳುವ ವಿಮಾನದ ಹಿಂದಿನ ದಿನವನ್ನು ದಡದ ಮೇಲೆ ಕಳೆಯುವಂತೆ ಲೆಕ್ಕ ಹಾಕಿಯೇ ಟಿಕೆಟ್ ಮಾಡಿಸಬೇಕು.

ಹೊಳೆಯಲ್ಲಿ ಈಜಿದವರಿಗೆ ನೀರಿನ ಭಯ ಕಡಿಮೆ, ಅದು ದೊಡ್ಡ ಅನುಕೂಲ. ಆದರೆ ಮುಳುಗುವಾಗ ಉಸಿರು ಬಿಗಿಹಿಡಿಯುವ ನಿಮ್ಮ ಅಭ್ಯಾಸವನ್ನು ಮಾತ್ರ ಅಲ್ಲಿ ಪೂರ್ತಿ ಬಿಡಬೇಕಾಗುತ್ತದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮನೆಯ ತಿಂಡಿ ಒಯ್ಯಬಹುದೇ?
– ಓದುಗರು, ಇಳಕಲ್

ಉತ್ತರ: ಅಗತ್ಯವಾಗಿ ಒಯ್ಯಿರಿ. ಕಟಕ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿದ್ದರೆ ಮೆತ್ತಗಾಗುವುದಿಲ್ಲ. ಶೇಂಗಾ ಚಟ್ನಿಪುಡಿ ಮತ್ತು ಖಾರದ ಪುಡಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ತಡೆಯುತ್ತಾರೆ. ಎರಡು ಇಳಿತಗಳ ನಡುವೆ ದೋಣಿಯಲ್ಲಿ ತಿನ್ನಲು ಅಮೀನಗಡದ ಕರದಂಟಿಗಿಂತ ಒಳ್ಳೆಯದನ್ನು ನಾನು ಕಾಣೆ. ಒಂದು ತುಂಡಿನಲ್ಲೇ ಶಕ್ತಿಯಿದೆ, ಹಳಸುವುದಿಲ್ಲ. ಖಾರದ ಊಟವನ್ನು ಸಂಜೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಹಾಕಿ ನೀರೊಳಗೆ ಫೋಟೋ ತೆಗೆಯಬಹುದೇ? ಟಾರ್ಚ್, ಪವರ್ ಬ್ಯಾಂಕ್ ವಿಮಾನದಲ್ಲಿ ಬಿಡುತ್ತಾರೆಯೇ?
– ಓದುಗರು, ಗೋಕಾಕ

ಉತ್ತರ: ಅಂಥ ಚೀಲ ದೋಣಿಯಲ್ಲಿ ಎರಚುವ ನೀರಿಗೆ ಸಾಕು, ಆಳದ ಒತ್ತಡಕ್ಕಲ್ಲ. ಮೊಬೈಲಿನ ಜಲನಿರೋಧಕ ಗುಣವನ್ನು ಅಳೆಯುವುದು ಸಿಹಿನೀರಿನಲ್ಲಿ, ಕಡಿಮೆ ಆಳದಲ್ಲಿ. ಫೋಟೋ ಬೇಕೇಬೇಕೆಂದರೆ ಆಳದ ಮಿತಿಯನ್ನು ಮೀಟರುಗಳಲ್ಲಿ ನಮೂದಿಸಿರುವ ಗಟ್ಟಿ ಕವಚವನ್ನು ಕೊಳ್ಳಿ, ಮೊದಲ ಸಲ ಅದನ್ನು ಖಾಲಿಯಾಗಿಯೇ ನೀರಿಗಿಳಿಸಿ ಪರೀಕ್ಷಿಸಿ. ಕಲಿಯುವ ದಿನಗಳಲ್ಲಿ ಕ್ಯಾಮೆರಾವನ್ನೇ ಮುಟ್ಟದಿರುವುದು ಉತ್ತಮ, ಏಕೆಂದರೆ ಅದರಲ್ಲಿ ಮಗ್ನರಾದವರು ತಮ್ಮ ಗಾಳಿಯ ಮಾಪಕವನ್ನು ನೋಡುವುದನ್ನೂ, ಹವಳಕ್ಕೆ ಕಾಲು ತಾಗುತ್ತಿರುವುದನ್ನೂ ಮರೆಯುತ್ತಾರೆ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನ ಸಾಮಾನ್ಯ ಪವರ್ ಬ್ಯಾಂಕ್ 100 ವ್ಯಾಟ್-ಅವರ್‌ನ ಮಿತಿಯೊಳಗೇ ಬರುತ್ತದೆ. ಡೈವಿಂಗ್ ಟಾರ್ಚಿನ ಬ್ಯಾಟರಿಯನ್ನು ಹೊರತೆಗೆದು ಪ್ರತ್ಯೇಕವಾಗಿಡಿ, ಅಕಸ್ಮಾತ್ ಹೊತ್ತಿಕೊಂಡರೆ ಅದು ಬಹಳ ಕಾಯುತ್ತದೆ.

ಮರಳುವಾಗ ದಂಡೆಯಲ್ಲಿ ಬಿದ್ದಿದೆಯೆಂದು ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೂ ಹಲವು ಬಗೆಯ ಚಿಪ್ಪುಗಳಿಗೂ ರಕ್ಷಣೆಯಿದೆ.

ಪ್ರಶ್ನೆ: ಕೊಂಡ ಮಾಸ್ಕ್, ಸೂಟುಗಳನ್ನು ಮುಂದಿನ ವರ್ಷದವರೆಗೆ ಹೇಗೆ ಇಡಬೇಕು?
– ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಉಪ್ಪಿನಂಶ ಪೂರ್ತಿ ಹೋಗುವವರೆಗೆ ಸಿಹಿನೀರಿನಲ್ಲಿ ನೆನೆಸಿ ತೊಳೆದು ನೆರಳಿನಲ್ಲಿ ಒಣಗಿಸಿ, ನಮ್ಮ ಕಡೆಯ ಬಿಸಿಲಿಗೆ ಹರವಿದರೆ ವೆಟ್‌ಸೂಟಿನ ನಿಯೋಪ್ರೀನ್ ರಬ್ಬರ್ ಬಿರುಸಾಗಿ ಸೀಳುತ್ತದೆ. ತಗಡಿನ ಛಾವಣಿಯ ಅಟ್ಟದಲ್ಲಾಗಲಿ, ಏಪ್ರಿಲ್-ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಾಗಲಿ ಇಡಬೇಡಿ. ಮಾಸ್ಕನ್ನು ಅದರ ಡಬ್ಬಿಯಲ್ಲಿ, ಬೇರೆ ಕಪ್ಪು ರಬ್ಬರಿಗೆ ತಾಗದಂತೆ ಇಡಿ, ತಾಗಿದರೆ ಸಿಲಿಕೋನ್ ಬಣ್ಣಗೆಡುತ್ತದೆ. ಸೂಟನ್ನು ಮಡಚದೆ ಅಗಲ ಹ್ಯಾಂಗರಿಗೆ ತೂಗುಹಾಕಿ, ಜಿಪ್ಪಿಗೆ ಸ್ವಲ್ಪ ಮೇಣ ಉಜ್ಜಿಡಿ.